ಚಮಚದ ಪದಾರ್ಥ ಆಮೇಲೆ, ಸೇರಿನ ಪದಾರ್ಥ ಮೊದಲು

ಪ್ರಶ್ನೆ: ಮೂರು ತಿಂಗಳಿಂದ ಹೊರಗಿನ ಊಟ ಬಿಟ್ಟು ಮನೆಯಲ್ಲೇ ಅಡುಗೆ ಮಾಡುತ್ತಿದ್ದೇನೆ. ನಾವು ನಾಲ್ಕು ಜನ, ಎಲ್ಲರೂ ದೊಡ್ಡವರೇ. ಅತ್ತೆಗೆ ಬಿಪಿ ಇದೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಚಿಯಾ ಬೀಜ, ಅಗಸೆ ಬೀಜ, ಪಿಂಕ್ ಸಾಲ್ಟ್, ಆಲಿವ್ ಎಣ್ಣೆ, ಬ್ರೌನ್ ಬ್ರೆಡ್, ಜೇನುತುಪ್ಪ ಎಲ್ಲ ತಂದಿಟ್ಟಿದ್ದೇನೆ. ಖರ್ಚು ಜಾಸ್ತಿಯಾಗಿದೆ. ಆದರೆ ಅತ್ತೆಯ ಬಿಪಿ ಇಳಿದಿಲ್ಲ, ನನ್ನ ತೂಕವೂ ಇಳಿದಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜವಾಗಿ ಯಾವ ಪದಾರ್ಥ ಬದಲಾಯಿಸಬೇಕು? ಅಂಗಡಿಯಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ? ಈಗಾಗಲೇ ತಂದಿರುವುದನ್ನು ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದಿಟ್ಟಿರುವ ಪದಾರ್ಥಗಳ ಪಟ್ಟಿ ಉದ್ದ ಇದೆ. ಆದರೆ ಮನೆಯಲ್ಲಿ ಯಾವ ಅಕ್ಕಿ ಬೇಯುತ್ತದೆ, ಯಾವ ಹಿಟ್ಟು ಕಲಸುತ್ತೀರಿ, ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಖರ್ಚಾಗುತ್ತದೆ, ವಾರದಲ್ಲಿ ಎಷ್ಟು ದಿನ ಬೇಳೆಕಾಳು ಇರುತ್ತದೆ, ಇದು ಯಾವುದೂ ಅದರಲ್ಲಿಲ್ಲ. ನನ್ನ ಹತ್ತಿರ ಸಲಹೆಗೆ ಬರುವ ಬಹಳಷ್ಟು ಜನರೂ ಹೀಗೇ. ಚಮಚದಲ್ಲಿ ಅಳೆಯುವ ಪದಾರ್ಥಗಳ ಬಗ್ಗೆ ತುಂಬಾ ಯೋಚನೆ ಮಾಡಿರುತ್ತಾರೆ. ಸೇರಿನಲ್ಲಿ ಅಳೆಯುವ ಪದಾರ್ಥಗಳ ಕಡೆ ನೋಡಿಯೇ ಇರುವುದಿಲ್ಲ.

ಒಂದು ಚಿಕ್ಕ ಲೆಕ್ಕ ನೋಡೋಣ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ದೊಡ್ಡ ಚಮಚ ಚಿಯಾ ಬೀಜದಲ್ಲಿ ಸಿಗುವ ನಾರು ಸುಮಾರು 4 ಗ್ರಾಂ. ಇನ್ನು ಹಿಟ್ಟು. 100 ಗ್ರಾಂ ಮೈದಾದಲ್ಲಿ ನಾರು ಸುಮಾರು 3 ಗ್ರಾಂ. ಅಷ್ಟೇ ತೂಕದ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ. ದಿನಕ್ಕೆ 200 ಗ್ರಾಂ ಹಿಟ್ಟು ತಿನ್ನುವವರು ಹಿಟ್ಟೊಂದನ್ನೇ ಬದಲಾಯಿಸಿದರೆ 16 ಗ್ರಾಂ ನಾರು ಹೆಚ್ಚಾಯಿತು. ನಾಲ್ಕು ಚಮಚ ಚಿಯಾದಷ್ಟು! ಚಿಯಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದಿನಾ ಪಾತ್ರೆಗೆ ಬೀಳುವುದು ಹಾಗೇ ಇದ್ದರೆ, ಮೇಲೆ ಉದುರಿಸುವ ಒಂದು ಚಮಚ ಅದನ್ನು ಸರಿ ಮಾಡುವುದಿಲ್ಲ ಅಷ್ಟೇ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಂದು ಮಾರ್ಕರ್ ಪೆನ್ ತೆಗೆದುಕೊಳ್ಳಿ. ಉಪ್ಪಿನ ಪ್ಯಾಕೆಟ್, ಎಣ್ಣೆ ಬಾಟಲಿ, ಸಕ್ಕರೆ ಪ್ಯಾಕೆಟ್, ಈ ಮೂರನ್ನು ಹೊಸದಾಗಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಖಾಲಿಯಾದ ದಿನ ಇನ್ನೊಂದು ತಾರೀಖು. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. "ನಾವು ಉಪ್ಪು ಕಡಿಮೆನೇ ತಿನ್ನೋದು" ಎಂದು ನಂಬಿಕೊಂಡವರು ಆ ಎರಡು ತಾರೀಖು ನೋಡಿ ಸುಮ್ಮನಾಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಅತ್ತೆಯವರ ಬಿಪಿ ಇರುವುದರಿಂದ ಉಪ್ಪಿನಿಂದಲೇ ಶುರು ಮಾಡೋಣ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಚಹಾ ಚಮಚಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕು ಜನಕ್ಕೆ 20 ಗ್ರಾಂ ಆಯಿತು. ಆ ಲೆಕ್ಕದಲ್ಲಿ 1 ಕೆಜಿ ಉಪ್ಪು 50 ದಿನ ಬರಬೇಕು. ಮೂವತ್ತೇ ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂಗಿಂತ ಜಾಸ್ತಿ ಆಗುತ್ತಿದೆ ಅಂತ ಅರ್ಥ. ಬ್ರೆಡ್ಡು, ಬಿಸ್ಕತ್ತು, ಚಿಪ್ಸು, ಬಾಟಲಿ ಸಾಸುಗಳಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಇನ್ನೂ ಸೇರಿಯೇ ಇಲ್ಲ.

ಪಿಂಕ್ ಸಾಲ್ಟ್ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಬಣ್ಣ ಯಾವುದಾದರೂ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಶೇ. 39ರಷ್ಟು ಸೋಡಿಯಂ, ಬಿಪಿ ಏರಿಸುವುದು ಅದೇ. ಆ ಗುಲಾಬಿ ಬಣ್ಣ ಕೊಡುವ ಖನಿಜಗಳು ಎಷ್ಟು ಕಡಿಮೆ ಇರುತ್ತವೆ ಅಂದರೆ, ಅವುಗಳಿಂದ ಲಾಭ ಆಗಬೇಕಾದರೆ ತಿನ್ನಲಾರದಷ್ಟು ಉಪ್ಪು ತಿನ್ನಬೇಕು. ಜೊತೆಗೆ ಒಂದು ನಷ್ಟ ಇದೆ. ಸಾಮಾನ್ಯವಾಗಿ ಅದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. 1922ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಲು ಶುರು ಮಾಡಿದ ಮೇಲೆ ಅಲ್ಲಿ ಗಳಗಂಡ ರೋಗ ಇಳಿಯುತ್ತಾ ಬಂತು. ಅಷ್ಟು ಸುಲಭವಾಗಿ ಸಿಕ್ಕ ರಕ್ಷಣೆಯನ್ನು ಬಣ್ಣ ನೋಡಿ ಬಿಟ್ಟುಕೊಡಬೇಡಿ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಇರಲಿ, ಕಡಿಮೆ ಇರಲಿ.

ಕಡಿಮೆ ಮಾಡುವುದು ಹೇಗೆ? ಒಂದೇ ಸಲಕ್ಕೆ ಅರ್ಧ ಮಾಡಿದರೆ ಮನೆಯವರು ತಟ್ಟೆಯ ಪಕ್ಕದಲ್ಲಿ ಉಪ್ಪಿನ ಡಬ್ಬ ಇಟ್ಟುಕೊಂಡು ಕೂರುತ್ತಾರೆ. ಈ ವಾರ ನಾಲ್ಕು ಚಿಟಿಕೆ ಬದಲು ಮೂರು. ಎರಡು ವಾರ ಬಿಟ್ಟು ಇನ್ನೂ ಅರ್ಧ ಚಿಟಿಕೆ ಕಡಿಮೆ. ಸಾಧ್ಯವಾದ ಅಡುಗೆಗೆ ಒಲೆ ಆರಿಸಿದ ಮೇಲೆ ಉಪ್ಪು ಹಾಕಿ. ಮೇಲೇ ಇರುವ ಉಪ್ಪು ನಾಲಿಗೆಗೆ ಬೇಗ ತಾಗುತ್ತದೆ. ನಿಂಬೆರಸ, ಕಾಳುಮೆಣಸು, ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಜೀರಿಗೆ, ಇವೆಲ್ಲ ಉಪ್ಪಿನ ಜಾಗವನ್ನು ಸ್ವಲ್ಪ ಸ್ವಲ್ಪ ತುಂಬುತ್ತವೆ. ಕೆಲವು ವಾರ ಕಳೆದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ಹಳೆಯ ಅಳತೆಯ ಅಡುಗೆ ತಿಂದರೆ ಅದೇ ಉಪ್ಪುಪ್ಪು ಅನ್ನಿಸುತ್ತದೆ.

ಸೋಡಿಯಂ ಕಡಿಮೆ ಇರುವ, ಪೊಟ್ಯಾಸಿಯಂ ಬೆರೆಸಿದ ಉಪ್ಪು ಅಂತ ಒಂದು ಬರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಅದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರೆಲ್ಲ ಮೊದಲೇ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ 60 ದಾಟಿದ, ಬಿಪಿ ಇದ್ದವರು. ಅಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. ನಿಮ್ಮ ಅತ್ತೆಯವರಿಗೆ ಉಪಯೋಗ ಆಗಬಹುದು. ಆದರೆ ಅವರ ಡಾಕ್ಟರನ್ನು ಕೇಳದೆ ತರಲೇಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಅಪಾಯ ಆಗುತ್ತದೆ. ಉಪ್ಪು ಕಡಿಮೆ ಮಾಡಿದೆವು ಅಂತ ಮಾತ್ರೆಯನ್ನೂ ನಿಲ್ಲಿಸಬಾರದು.

ಇನ್ನು ಎಣ್ಣೆ. ನಿಮ್ಮ ತೂಕದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿರಬಹುದು. ಎಣ್ಣೆ ಯಾವುದೇ ಇರಲಿ, 1 ಗ್ರಾಂನಲ್ಲಿ 9 ಕ್ಯಾಲರಿ. ಆಲಿವ್ ಎಣ್ಣೆಯಲ್ಲೂ ಅಷ್ಟೇ, ಗಾಣದ ಎಣ್ಣೆಯಲ್ಲೂ ಅಷ್ಟೇ. ಒಂದು ದೊಡ್ಡ ಚಮಚ ಅಂದರೆ ಸುಮಾರು 120 ಕ್ಯಾಲರಿ. ನಿಮ್ಮ ಮನೆಯಲ್ಲಿ 1 ಲೀಟರ್ ಎಂಟೇ ದಿನಕ್ಕೆ ಮುಗಿಯುತ್ತದೆ ಅಂತ ಇಟ್ಟುಕೊಳ್ಳಿ. ಆಗ ಒಬ್ಬೊಬ್ಬರಿಗೆ ದಿನಕ್ಕೆ 29 ಗ್ರಾಂ ಎಣ್ಣೆ, 260 ಕ್ಯಾಲರಿ. ಹಾಲು, ಮೊಸರು, ಕಾಯಿ, ಬೀಜಗಳಲ್ಲಿರುವ ಕೊಬ್ಬು ಬೇರೆ. "ಒಳ್ಳೆಯ ಎಣ್ಣೆ ತಾನೇ" ಅಂತ ಕೈ ಧಾರಾಳ ಆಗುವುದನ್ನು ನಾನು ತುಂಬಾ ನೋಡಿದ್ದೇನೆ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯಬೇಡಿ. ಬೆಳಿಗ್ಗೆ ಒಂದು ಬಟ್ಟಲಿಗೆ ಇಡೀ ದಿನದ ಎಣ್ಣೆ ಅಳೆದಿಡಿ, ತಲೆಗೆ ನಾಲ್ಕು ಚಹಾ ಚಮಚದಂತೆ. ಆ ದಿನದ ಅಡುಗೆಯೆಲ್ಲ ಆ ಬಟ್ಟಲಿನಲ್ಲೇ ಮುಗಿಯಲಿ. ಮೊದಲ ವಾರ ಸಂಜೆಗೆ ಸಾಲುವುದಿಲ್ಲ. ಎರಡನೇ ವಾರಕ್ಕೆ ಕೈಗೆ ಅಳತೆ ಬರುತ್ತದೆ.

ಯಾವ ಎಣ್ಣೆ ಎಂದರೆ, ಕೋಣೆಯಲ್ಲಿಟ್ಟರೆ ಗಟ್ಟಿಯಾಗದೆ ದ್ರವವಾಗಿಯೇ ಇರುವ ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ, ಸಾಸಿವೆ, ಕೆನೋಲಾ, ಆಲಿವ್, ಅಕ್ಕಿ ತೌಡಿನ ಎಣ್ಣೆ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಒಂದಾದ ಮೇಲೆ ಇನ್ನೊಂದು ಬಳಸಿದರೂ ಸರಿ. ಬೆಣ್ಣೆ, ತೆಂಗಿನ ಎಣ್ಣೆ, ಪಾಮ್ ಎಣ್ಣೆಗಳಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಬಗೆಯ ಕೊಬ್ಬು, ಜಾಸ್ತಿ. ತೆಂಗಿನ ಎಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು, ಪಾಮ್ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ. ರುಚಿಗೆ ಸ್ವಲ್ಪ ಬಳಸಿ, ದಿನಾ ಅದೇ ಆಗುವುದು ಬೇಡ. ಸೂರ್ಯಕಾಂತಿ ಎಣ್ಣೆಯ ಬಾಟಲಿ ಮೇಲೆ "ಕೊಲೆಸ್ಟರಾಲ್ ಇಲ್ಲ" ಎಂದು ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ಒಂದನ್ನು ಮಾತ್ರ ಪೂರ್ತಿ ಬಿಡಿ. 1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಂಬ ವಿಜ್ಞಾನಿ ದ್ರವದ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬೇಗ ಕೆಡುವುದಿಲ್ಲ, ಅಗ್ಗ, ಬಿಸ್ಕತ್ತು ಗರಿಗರಿಯಾಗುತ್ತದೆ ಅಂತ ಅದು ಎಲ್ಲ ಕಡೆ ಹರಡಿತು. ಅರೆಬರೆ ಗಟ್ಟಿಯಾದ ಆ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ಗೊತ್ತಾಗುವ ಹೊತ್ತಿಗೆ 1990 ಬಂದಿತ್ತು. 2003ರಲ್ಲಿ ಡೆನ್ಮಾರ್ಕ್ ಅದಕ್ಕೆ ಕಾನೂನಿನ ಮಿತಿ ಹಾಕಿದ ಮೊದಲ ದೇಶವಾಯಿತು. ಪ್ಯಾಕೆಟ್ ಹಿಂದೆ "ಹೈಡ್ರೋಜನೇಟೆಡ್" ಎಂಬ ಪದ ಕಂಡರೆ ವಾಪಸ್ ಇಟ್ಟುಬಿಡಿ.

ಒಳ್ಳೆಯ ಎಣ್ಣೆ ತಂದು ಮನೆಯಲ್ಲೇ ಕೆಡಿಸಿಕೊಳ್ಳುವುದೂ ಉಂಟು. ನಿಮ್ಮ ಎಣ್ಣೆ ಬಾಟಲಿ ಒಲೆಯ ಪಕ್ಕದಲ್ಲೇ ಇದೆಯಾ? ಬಾಯಿಯ ಅಂಚು ಮುಟ್ಟಿ ನೋಡಿ. ಅಂಟಂಟು, ಗೋಂದಿನ ಹಾಗೆ ಆಗಿದ್ದರೆ ಅಲ್ಲಿ ಕೂತ ಎಣ್ಣೆ ಗಾಳಿಗೆ ಸಿಕ್ಕಿ ಕೆಟ್ಟಿದೆ. ಈಗ ಒಳಗಿನ ಎಣ್ಣೆಯ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ ನೋಡಿ. ಅದರದ್ದೇ ಬೀಜದ ವಾಸನೆ ಬಂದರೆ, ಅಥವಾ ಯಾವ ವಾಸನೆಯೂ ಇಲ್ಲದಿದ್ದರೆ ಸರಿ. ಕಮಟು ವಾಸನೆ, ಹಳೇ ಪೇಂಟಿನಂಥ ವಾಸನೆ ಬಂದರೆ ಚೆಲ್ಲಿ. ಬೆಳಕು, ಗಾಳಿ, ಬಿಸಿ, ಈ ಮೂರೂ ಎಣ್ಣೆಗೆ ಶತ್ರುಗಳು. ಚಿಕ್ಕ ಬಾಟಲಿ ತನ್ನಿ, ಬಾಗಿಲು ಇರುವ ಕಪಾಟಿನಲ್ಲಿಡಿ. ಹೊಗೆ ಬರುವ ತನಕ ಕಾಯಿಸಬೇಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಈಗ ಸೇರಿನ ಮಾತಿಗೆ ಬರುತ್ತೇನೆ. ಧಾನ್ಯದ ಒಂದು ಕಾಳಿನಲ್ಲಿ ಮೂರು ಭಾಗ ಇರುತ್ತದೆ. ಹೊರಗೆ ತೌಡಿನ ಪದರ, ತುದಿಯಲ್ಲಿ ಸಣ್ಣ ಮೊಳಕೆ, ಒಳಗೆಲ್ಲ ಪಿಷ್ಟ. ನಾರು, ಬಿ ವಿಟಮಿನ್, ಕಬ್ಬಿಣ, ಮೆಗ್ನೀಸಿಯಂ ಹೆಚ್ಚಾಗಿ ಇರುವುದು ಮೊದಲ ಎರಡರಲ್ಲಿ. ಪಾಲಿಶ್ ಮಾಡಿದಾಗ ಹೋಗುವುದೂ ಅವೇ ಎರಡು.

ಇದು ಮನುಷ್ಯರಿಗೆ ಗೊತ್ತಾದ ಬಗೆ ನನಗೆ ಬಹಳ ಇಷ್ಟ. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಸುಮಾರು 1890ರ ಹೊತ್ತಿಗೆ ಜಾವಾದ ಬಟೇವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಕಾಲಿನ ಶಕ್ತಿ ಹೋಗಿ, ಹೃದಯ ಸೋತು ಜನ ಸಾಯುತ್ತಿದ್ದ ರೋಗ ಅದು. ಪ್ರಯೋಗಶಾಲೆಯ ಕೋಳಿಗಳಿಗೂ ಇದ್ದಕ್ಕಿದ್ದ ಹಾಗೆ ಕಾಲು ಸೋಲಲು ಶುರುವಾಯಿತು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ಏನಾಯಿತು ಅಂತ ವಿಚಾರಿಸಿದರೆ, ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರಂತೆ. ಆಮೇಲೆ ಬಂದ ಹೊಸ ಅಡುಗೆಯವನು, ಮಿಲಿಟರಿ ಅನ್ನ ಕೋಳಿಗೆ ಕೊಡುವುದಿಲ್ಲ ಅಂದ. ಹಾಗಾಗಿ ಪಾಲಿಶ್ ಆಗದ ಅಕ್ಕಿ ಹಾಕಿದರು. ಕೋಳಿಗಳು ಎದ್ದು ಓಡಾಡಿದವು. ಬಿಳಿ ಅಕ್ಕಿಯಲ್ಲಿ ಏನೋ ವಿಷ ಇದೆ ಎಂದು ಐಕ್‌ಮನ್ ಮೊದಲು ತಿಳಿದರು. ಅವರ ನಂತರ ಬಂದ ಗೆರಿಟ್ ಗ್ರಿನ್ಸ್ 1901ರಲ್ಲಿ, ವಿಷ ಇರುವುದಲ್ಲ, ಬೇಕಾದದ್ದೇನೋ ಇಲ್ಲದಿರುವುದು ಎಂದು ಹೇಳಿದರು. ಇಲ್ಲದೇ ಹೋಗಿದ್ದು ತೌಡಿನ ಜೊತೆ ಹೋದ ಬಿ1 ವಿಟಮಿನ್. 1929ರಲ್ಲಿ ಐಕ್‌ಮನ್ ಅವರಿಗೆ ನೊಬೆಲ್ ಬಂತು.

ಇವತ್ತು ಬೇರೆ ಬೇರೆ ಪದಾರ್ಥ ತಿನ್ನುವ ನಮಗೆ ಬಿಳಿ ಅನ್ನದಿಂದ ಬೆರಿಬೆರಿ ಬರುವುದಿಲ್ಲ. ಆದರೆ ದಿನದ ಊಟದಲ್ಲಿ ಅತಿ ಹೆಚ್ಚು ತೂಕ ಇರುವುದು ಧಾನ್ಯಕ್ಕೆ. ಅದರ ಸತ್ವದ ಭಾಗವನ್ನೇ ಬಿಟ್ಟು ತಿಂದು, ಆಮೇಲೆ ಬೀಜಗಳನ್ನು ಹುಡುಕಿಕೊಂಡು ಹೋಗುವುದು ನನಗೆ ಸಂಕಟದ ವಿಷಯ.

ಅಕ್ಕಿಯಲ್ಲಿ ಬದಲಾವಣೆ ಮೆಲ್ಲಗೆ ಆಗಲಿ. ನಾಲ್ಕು ಲೋಟದಲ್ಲಿ ಒಂದು ಲೋಟ ತೌಡು ತೆಗೆಯದ ಅಕ್ಕಿ ಬೆರೆಸಿ ಶುರು ಮಾಡಿ. ಅದನ್ನು ಬೇರೆಯಾಗಿ ಒಂದೆರಡು ಗಂಟೆ ನೆನೆಸಿಟ್ಟರೆ ಬಿಳಿ ಅಕ್ಕಿಯ ಜೊತೆ ಒಟ್ಟಿಗೆ ಬೇಯುತ್ತದೆ. ಅದೂ ಹಿಡಿಸದಿದ್ದರೆ ಕುಸುಬಲಕ್ಕಿ ನೋಡಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ವಿಟಮಿನ್‌ಗಳು ಸ್ವಲ್ಪ ಒಳಕ್ಕೆ ಇಳಿದಿರುತ್ತವೆ. ಮಿಲ್ಲಿಗೆ ಹೋದ ಮೇಲೂ ಬಿಳಿ ಅಕ್ಕಿಗಿಂತ ಹೆಚ್ಚು ಉಳಿಯುತ್ತದೆ. ಗೋಧಿ ಹಿಟ್ಟನ್ನು ಜರಡಿ ಹಿಡಿದರೆ ಮೇಲೆ ಉಳಿಯುವ ಒರಟು ತೌಡನ್ನು ಎಸೆಯಬೇಡಿ, ಅದಕ್ಕೇ ನೀವು ಇಡೀ ಗೋಧಿ ಹಿಟ್ಟು ತಂದದ್ದು. ಇಡೀ ಧಾನ್ಯದ ಹಿಟ್ಟು, ತೌಡಿರುವ ಅಕ್ಕಿ ಎರಡೂ ಬಿಳಿಯವುಗಳಷ್ಟು ದಿನ ಇರುವುದಿಲ್ಲ. ಮೊಳಕೆ ಮತ್ತು ತೌಡಿನಲ್ಲಿ ಎಣ್ಣೆಯ ಅಂಶ ಇರುತ್ತದಲ್ವಾ, ಅದು ಕಮಟಾಗುತ್ತದೆ. ತಿಂಗಳಿಗೆ ಆಗುವಷ್ಟೇ ತನ್ನಿ. ಚಿಟಿಕೆ ಹಿಟ್ಟು ನಾಲಿಗೆಗೆ ಇಟ್ಟಾಗ ಕಹಿ ಬಂದರೆ ಹಳೆಯದು ಅಂತ ಅರ್ಥ.

ಬ್ರೌನ್ ಬ್ರೆಡ್ ಬಗ್ಗೆ ಹೇಳಲೇಬೇಕು. ಆ ಪ್ಯಾಕೆಟ್ ಎತ್ತಿಕೊಂಡು ಬನ್ನಿ, ಹಿಂದೆ ತಿರುಗಿಸಿ. ಮುಂದಿನ ಭಾಗ ಜಾಹೀರಾತು, ಹಿಂದಿನ ಭಾಗದಲ್ಲೇ ವಿಷಯ ಇರುವುದು. ಪದಾರ್ಥಗಳನ್ನು ತೂಕದ ಪ್ರಕಾರ ಬರೆದಿರುತ್ತಾರೆ, ಹೆಚ್ಚು ಇರುವುದು ಮೊದಲು. ಮೊದಲ ಹೆಸರು "ರಿಫೈನ್ಡ್ ವೀಟ್ ಫ್ಲೋರ್" ಅಂತ ಇದ್ದರೆ ಅದು ಮೈದಾ. ಕೆಳಗೆಲ್ಲೋ "ಕ್ಯಾರಮಲ್ ಕಲರ್" ಅಂತ ಇದ್ದರೆ ಕಂದು ಬಣ್ಣ ಎಲ್ಲಿಂದ ಬಂತು ಅಂತ ಗೊತ್ತಾಯಿತು. "ಮಲ್ಟಿಗ್ರೇನ್" ಅಂದರೆ ಹಲವು ಧಾನ್ಯ ಇದೆ ಅಂತಷ್ಟೇ, ಇಡೀ ಧಾನ್ಯ ಅಂತಲ್ಲ. ಮೊದಲ ಹೆಸರಿನಲ್ಲೇ "ಹೋಲ್" ಎಂಬ ಪದ ಇರಬೇಕು. ಇನ್ನೂ ಅನುಮಾನ ಇದ್ದರೆ ಕಾರ್ಬೋಹೈಡ್ರೇಟ್ ಮತ್ತು ನಾರಿನ ಅಂಕಿ ನೋಡಿ. 10 ಗ್ರಾಂ ಕಾರ್ಬೋಹೈಡ್ರೇಟಿಗೆ ಕನಿಷ್ಠ 1 ಗ್ರಾಂ ನಾರು ಇದ್ದರೆ ತರಬಹುದು.

ಹಾಗೆಯೇ ಸೋಡಿಯಂ ಅಂಕಿ. ಪ್ಯಾಕೆಟ್‌ನಲ್ಲಿ 400 ಮಿಲಿಗ್ರಾಂ ಸೋಡಿಯಂ ಅಂತ ಇದ್ದರೆ ಎರಡೂವರೆಯಿಂದ ಗುಣಿಸಿ. 1 ಗ್ರಾಂ ಉಪ್ಪು. ಅದೂ ಎಷ್ಟು ಪದಾರ್ಥಕ್ಕೆ ಅಂತ ನೋಡಿ. 100 ಗ್ರಾಂಗೆ ಬರೆದ ಅಂಕಿಯನ್ನೇ ಹೋಲಿಸಿ. "ಒಂದು ಸರ್ವಿಂಗ್" ಎಂದು ಬರೆದದ್ದು ಎರಡು ಬಿಸ್ಕತ್ತಿನಷ್ಟು ಚಿಕ್ಕದಿರಬಹುದು. ಸಕ್ಕರೆಗೆ ಹಲವು ಹೆಸರು: ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಮಾಲ್ಟೋಸ್, ಫ್ರೂಟ್ ಜ್ಯೂಸ್ ಕಾನ್ಸಂಟ್ರೇಟ್. ಒಂದೇ ಸಕ್ಕರೆಯನ್ನು ಮೂರು ಹೆಸರಿನಲ್ಲಿ ಹಂಚಿ ಬರೆದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ. ಕೂಡಿಸಿದರೆ ಮೇಲೆ ಇರಬೇಕಾದದ್ದು.

ಸಕ್ಕರೆಯ ಮಿತಿ ಹೇಳಿಬಿಡುತ್ತೇನೆ. ದಿನದ ಕ್ಯಾಲರಿಯಲ್ಲಿ ಶೇ. 10ಕ್ಕಿಂತ ಕಡಿಮೆ, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. 2,000 ಕ್ಯಾಲರಿ ತಿನ್ನುವವರಿಗೆ 50 ಗ್ರಾಂ ಮತ್ತು 25 ಗ್ರಾಂ. 25 ಗ್ರಾಂ ಅಂದರೆ ಆರು ಚಹಾ ಚಮಚ. ಜೇನುತುಪ್ಪ, ಕಂದು ಸಕ್ಕರೆ, ಹಣ್ಣಿನ ಜ್ಯೂಸಿನ ಸಕ್ಕರೆ ಎಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣಿನ ಸಕ್ಕರೆ ಬರುವುದಿಲ್ಲ.

ಮನೆಯಲ್ಲೇ ಅಡುಗೆ ಮಾಡುತ್ತಿದ್ದೀರಿ, ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಬಾಟಲಿ ಸಾಸು, ರೆಡಿ ಮಿಕ್ಸ್, ಸೂಪಿನ ಪುಡಿ, ಫ್ರೀಜರಿನಿಂದ ತೆಗೆದು ನೇರ ಎಣ್ಣೆಗೆ ಬಿಡುವ ತಿಂಡಿ, ಇವುಗಳಿಂದ ಮಾಡಿದ್ದನ್ನೂ ನಾವು ಮನೆ ಅಡುಗೆ ಅಂತಲೇ ಕರೆಯುತ್ತೇವೆ. ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ಸಂಶೋಧಕರು ಮತ್ತು ಜೊತೆಗಾರರು 20 ಜನರನ್ನು ಸಂಶೋಧನಾ ಕೇಂದ್ರದಲ್ಲೇ ಇರಿಸಿಕೊಂಡು ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಎರಡು ವಾರ ಕಾರ್ಖಾನೆಯ ಸಂಸ್ಕರಿತ ಊಟ, ಎರಡು ವಾರ ಮೂಲ ಪದಾರ್ಥಗಳಿಂದ ಮಾಡಿದ ಊಟ. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮ ಇತ್ತು. ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿತ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ತೂಕ 0.9 ಕೆಜಿ ಏರಿತು. ನಿಮ್ಮ ಕಪಾಟಿನಲ್ಲಿ ಇಂಥವು ಎಷ್ಟಿವೆ ಅಂತ ಒಮ್ಮೆ ಎಣಿಸಿ.

ಬೇಳೆಕಾಳು ನನ್ನ ಪ್ರಕಾರ ಅಡುಗೆಮನೆಯ ಅತ್ಯಂತ ಒಳ್ಳೆಯ ಪದಾರ್ಥ. ಪ್ರೋಟೀನು, ನಾರು, ಕಬ್ಬಿಣ, ಫೋಲೇಟ್ ಎಲ್ಲ ಒಂದರಲ್ಲೇ ಇವೆ. ಜೊತೆಗೆ ನಿಂಬೆ, ಟೊಮ್ಯಾಟೊ, ಹಸಿ ದಪ್ಪಮೆಣಸಿನಕಾಯಿ ಹೀಗೆ ಸಿ ವಿಟಮಿನ್ ಇರುವುದು ಏನಾದರೂ ಇದ್ದರೆ ಆ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕಡಿಮೆ ಹತ್ತುತ್ತದೆ. ರಾಜ್ಮಾ ಮಾಡುವಾಗ ಒಂದು ಎಚ್ಚರ. ಹಸಿ ಕಾಳಿನಲ್ಲಿ ವಾಂತಿ ತರಿಸುವ ಒಂದು ವಿಷ ಇರುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮಳ್ಳಿಸಿ, ಪೂರ್ತಿ ಮೆತ್ತಗಾಗುವ ತನಕ ಬೇಯಿಸಿ. ಸಣ್ಣ ಶಾಖದಲ್ಲಿ ನಿಧಾನ ಬೇಯಿಸುವ ವಿದ್ಯುತ್ ಪಾತ್ರೆಗೆ ಹಸಿ ರಾಜ್ಮಾ ನೇರ ಹಾಕಬಾರದು. ಆ ಶಾಖಕ್ಕೆ ವಿಷ ಸಾಯುವುದಿಲ್ಲ.

ತರಕಾರಿ ಮತ್ತು ಹಣ್ಣು ಸೇರಿ ತಲೆಗೆ ದಿನಕ್ಕೆ 400 ಗ್ರಾಂ ಬೇಕು, ಆಲೂಗಡ್ಡೆ ಬಿಟ್ಟು. ನಿಮ್ಮ ಮನೆಗೆ ದಿನಕ್ಕೆ 1.6 ಕೆಜಿ. ಇದನ್ನು ಹೇಳಿದಾಗ "ಅಷ್ಟೊಂದಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಅಷ್ಟು. ಅದಕ್ಕೇ ಆರ್ಗ್ಯಾನಿಕ್ ತರಲಾ, ಮಾಮೂಲಿ ತರಲಾ ಎನ್ನುವುದು ಎರಡನೇ ಪ್ರಶ್ನೆ. ಆರ್ಗ್ಯಾನಿಕ್‌ನಲ್ಲಿ ಕೀಟನಾಶಕದ ಶೇಷ ಕಡಿಮೆ ಇರುತ್ತದೆ, ನಿಜ. ಆದರೆ ದುಬಾರಿ ಅಂತ ಅರ್ಧ ಕೆಜಿಗೇ ನಿಲ್ಲಿಸುವುದಾದರೆ, ಮಾಮೂಲಿ ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು 1.6 ಕೆಜಿ ತಿನ್ನುವುದೇ ಮೇಲು. ಹೆಚ್ಚುವ ಮುಂಚೆ ತೊಳೆಯಿರಿ. ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಿ, ಸಿ ವಿಟಮಿನ್ ನೀರಿಗೆ ಇಳಿದುಹೋಗುತ್ತದೆ. ಫ್ರೋಜನ್ ಬಟಾಣಿ, ಬೀನ್ಸ್ ತರಲು ಸಂಕೋಚ ಬೇಡ. ಕಿತ್ತ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ್ದು, ನಾಲ್ಕು ದಿನ ಬಾಡಿದ ತಾಜಾ ತರಕಾರಿಗಿಂತ ಎಷ್ಟೋ ವಾಸಿ. ಹಸಿರಾದ ಆಲೂಗಡ್ಡೆ ಮಾತ್ರ ಬೇಡ.

ಮೊಟ್ಟೆ, ಮೀನು, ತಾಜಾ ಮಾಂಸ ತಿನ್ನುವವರಾದರೆ ಅವೂ ಒಳ್ಳೆಯ ಪದಾರ್ಥಗಳೇ. ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸದಿಂದ ದೂರ ಇರಿ. ಅವು ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ಮೊಸರು ತಂದರೆ ಸಿಹಿ ಹಾಕದ್ದು ತನ್ನಿ.

ಕಡಲೆಕಾಯಿ ಬೀಜ ಮತ್ತು ಒಣ ಧಾನ್ಯ ತರುವಾಗ ಕಣ್ಣು, ಮೂಗು ಎರಡೂ ಬಳಸಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದು ಹಾಗೆ. ಅದು ಮಾಮೂಲಿ ಅಡುಗೆಯ ಬಿಸಿಗೆ ಹೋಗುವುದಿಲ್ಲ. ಹಾಗಾಗಿ ಮುಗ್ಗಲು ವಾಸನೆ ಬರುವ ಕಾಳು, ಸುಕ್ಕುಗಟ್ಟಿದ, ಬಣ್ಣ ಕೆಟ್ಟ ಬೀಜ ಕಂಡರೆ ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಆರಿಸಿ ಎಸೆಯಿರಿ. ಬಾಯಿಗೆ ಹಾಕಿದ ಬೀಜ ಕಹಿ ಅನ್ನಿಸಿದರೆ ಉಗಿದುಬಿಡಿ.

ಈಗಾಗಲೇ ತಂದಿರುವುದಕ್ಕೆ ಬರೋಣ. ಯಾವುದನ್ನೂ ಎಸೆಯಬೇಕಿಲ್ಲ. ಅಗಸೆ ಬೀಜ ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ವಾರಕ್ಕಾಗುವಷ್ಟು ಪುಡಿ ಮಾಡಿ ಫ್ರಿಜ್‌ನಲ್ಲಿಟ್ಟು ಹಿಟ್ಟಿಗೆ ಬೆರೆಸಿ. ಚಿಯಾ ಬೀಜ ನೆನೆಸಿಯೇ ತಿನ್ನಿ. ಅದು ನೀರು ಕುಡಿದು ಹಲವು ಪಟ್ಟು ಊದಿಕೊಳ್ಳುತ್ತದೆ, ಒಣದಾಗಿ ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ, ಅತ್ತೆಯವರಿಗಂತೂ ಕೊಡಲೇಬೇಡಿ ಹಾಗೆ. ಆಲಿವ್ ಎಣ್ಣೆಯನ್ನು ವಿಶೇಷ ದಿನಕ್ಕೆ ಅಂತ ಎತ್ತಿಡಬೇಡಿ, ತೆರೆದ ಮೇಲೆ ಅದು ಕೆಡುತ್ತಾ ಹೋಗುತ್ತದೆ. ಆ ದಿನದ ಬಟ್ಟಲಿಗೆ ಅದನ್ನೇ ಅಳೆದು ಮೊದಲು ಮುಗಿಸಿ. ಪಿಂಕ್ ಸಾಲ್ಟನ್ನು ಹಣ್ಣು, ಸಲಾಡ್ ಮೇಲೆ ಆಗೊಮ್ಮೆ ಈಗೊಮ್ಮೆ ಚಿಟಿಕೆ ಬಳಸಿ, ದಿನದ ಅಡುಗೆಗೆ ಬೇಡ. ಜೇನುತುಪ್ಪ ಸಕ್ಕರೆಯ ಬದಲಿಗೆ ಬರಲಿ, ಸಕ್ಕರೆಯ ಜೊತೆಗಲ್ಲ. ಒಂದು ವರ್ಷ ತುಂಬದ ಮಗು ಮನೆಗೆ ಬಂದರೆ ಅದಕ್ಕೆ ನೆಕ್ಕಿಸಬಾರದು.

ಮುಂದಿನ ಸಲ ಅಂಗಡಿಗೆ ಹೋದಾಗ ಹಿಟ್ಟು, ಅಕ್ಕಿ, ಎರಡು ಬಗೆಯ ಕಾಳು, ತರಕಾರಿ ಇಷ್ಟನ್ನು ಮೊದಲು ಬುಟ್ಟಿಗೆ ಹಾಕಿ. ಆಮೇಲೆ ಜಾಗ ಮತ್ತು ದುಡ್ಡು ಉಳಿದರೆ ಉಳಿದದ್ದು. ಮಾರ್ಕರ್ ಪೆನ್ ಮರೆಯಬೇಡಿ. ಅತ್ತೆಯವರ ಬಿಪಿಯನ್ನು ವಾರಕ್ಕೆರಡು ಸಲ, ಒಂದೇ ಹೊತ್ತಿನಲ್ಲಿ, ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ನೋಡಿ ಬರೆದಿಡಿ. ಎರಡು ತಿಂಗಳಾದ ಮೇಲೆ ಆ ಅಂಕಿಗಳನ್ನೂ ಉಪ್ಪು, ಎಣ್ಣೆ, ಸಕ್ಕರೆಯ ತಾರೀಖುಗಳನ್ನೂ ನನಗೆ ಬರೆದು ಕಳಿಸಿ. ಮುಂದೆ ಯಾವುದನ್ನು ಬದಲಾಯಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.